ಮನೆಯ ಅಡುಗೆಗೆ ತೋಟದ ಕೊಬ್ಬರಿ ಎಣ್ಣೆ

ತಿಪಟೂರು, ಅರಸೀಕೆರೆ ಸೀಮೆಯ ಕೆಲವು ಮನೆಗಳಲ್ಲಿ ಒಂದು ರೂಢಿಯುಂಟು. ಬಿಳಿಯಾಗಿ, ದುಂಡಾಗಿರುವ ಕೊಬ್ಬರಿ ಮಾರುಕಟ್ಟೆಗೆ ಹೋಗುತ್ತದೆ. ಒಡಕು, ಕಪ್ಪು, ಬೂಷ್ಟು ಹಿಡಿದದ್ದೆಲ್ಲವೂ ಒಂದೇ ಚೀಲದಲ್ಲಿ ಗಾಣಕ್ಕೆ ಹೋಗುತ್ತದೆ. ಇಲ್ಲಿ ಅಡುಗೆಗೆ ಹಿಂದಿನಿಂದಲೂ ಕಡಲೆಕಾಯಿ ಎಣ್ಣೆ, ಹುಚ್ಚೆಳ್ಳೆಣ್ಣೆ ಬಳಕೆಯಲ್ಲಿದ್ದು, ಕೊಬ್ಬರಿ ಎಣ್ಣೆ ಹೆಚ್ಚಾಗಿ ತಲೆಗೆ ಮೀಸಲಾಗಿತ್ತು. ಈಗ ಅನ್ನ, ಮುದ್ದೆ ಕಡಿಮೆ ಮಾಡಿ ಕೊಬ್ಬರಿ ಎಣ್ಣೆ ಸೇವಿಸಿದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದೆಂಬ ಮಾತು ಹಳ್ಳಿಗಳಿಗೂ ತಲುಪಿದೆ. ಗಾಣದ ಎಣ್ಣೆ ಒಗ್ಗರಣೆಗೆ ಬರುವುದಾದರೆ ಎರಡು ವಿಷಯ ತಿಳಿದಿರಬೇಕು: ಎಂತಹ ಕೊಬ್ಬರಿ, ಎಷ್ಟು ಎಣ್ಣೆ.

ಗಾಣಕ್ಕೆ ಎಂತಹ ಕೊಬ್ಬರಿ?

ಒಡಕು ಅಥವಾ ಸಣ್ಣ ಕೊಬ್ಬರಿಯಿಂದ ತೊಂದರೆಯಿಲ್ಲ. ಬೂಷ್ಟು ಹಿಡಿದದ್ದು ಮಾತ್ರ ಬೇಡವೇ ಬೇಡ. ಅದರಲ್ಲಿ ಬೆಳೆಯುವ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸಬಲ್ಲದು. ಈ ವಿಷ ಯಕೃತ್ತಿಗೆ ಹಾನಿಕರ, ಕ್ಯಾನ್ಸರಿಗೂ ಕಾರಣವಾಗುತ್ತದೆ. ಅಡುಗೆಯ ಕಾವಿಗೆ ಇದು ಪೂರ್ಣವಾಗಿ ನಾಶವಾಗುವುದಿಲ್ಲ. ಇಂತಹ ಕೊಬ್ಬರಿಯ ಹಿಂಡಿಯನ್ನು ಹಸುವಿಗೆ ಹಾಕಿದರೆ ವಿಷದ ಅಂಶ ಹಾಲಿಗೂ ಇಳಿಯುತ್ತದೆ. ಆ ಹಾಲು ಕುಡಿಯುವವರು ನಿಮ್ಮ ಮಕ್ಕಳೇ ಎಂಬುದನ್ನು ಮರೆಯಬಾರದು.

ಹಸಿ ಕಾಯಿಯ ತಿರುಳಿನಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ನೀರಿರುತ್ತದೆ. ಗಾಣಕ್ಕೆ ಹಾಕುವ ಕೊಬ್ಬರಿಯಲ್ಲಿ ತೇವಾಂಶ ಶೇಕಡಾ 6ಕ್ಕಿಂತ ಹೆಚ್ಚಿರಬಾರದು. ಬಲಿತ ಕಾಯಿಯನ್ನು ಹೋಳು ಮಾಡಿ, ಟಾರ್ಪಾಲಿನ ಮೇಲೆ ಹರಡಿ, ಒಳ್ಳೆಯ ಬಿಸಿಲಿನಲ್ಲಿ 5ರಿಂದ 7 ದಿನ ಒಣಗಿಸಿರಿ. ಸಂಜೆ ಮುಚ್ಚಿಡಿರಿ. ಬರಿ ನೆಲದ ಮೇಲೆ ಹರಡುವುದು ಬೇಡ. ಹೊಗೆಯಲ್ಲಿ ಒಣಗಿಸಿದ ಕೊಬ್ಬರಿಯ ಎಣ್ಣೆಯೂ ಅಡುಗೆಗೆ ತಕ್ಕುದಲ್ಲ. ಸರಿಯಾಗಿ ಒಣಗಿದ ಕೊಬ್ಬರಿ ಬಾಗುವುದಿಲ್ಲ, ಚಟ್ಟನೆ ಮುರಿಯುತ್ತದೆ.

ಎಣ್ಣೆಯನ್ನು ಎರಡು ಮೂರು ದಿನ ತಿಳಿಯಾಗಲು ಬಿಟ್ಟು, ಬಸಿದು, ತೇವವಿಲ್ಲದ ಸ್ಟೀಲ್ ಡಬ್ಬಿಯಲ್ಲಿ ತುಂಬಿರಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದು ಸಹಜ, ಕಲಬೆರಕೆಯೆಂದು ಶಂಕಿಸಬೇಕಾಗಿಲ್ಲ. ಕಮಟು ವಾಸನೆ ಬಂದ ಎಣ್ಣೆಯನ್ನು ಅಡುಗೆಗೆ ಬಳಸಬಾರದು.

ಎಷ್ಟು ಬಳಸಬೇಕು?

ಕೊಬ್ಬರಿ ಎಣ್ಣೆಯಲ್ಲಿ ಶರ್ಕರಪಿಷ್ಟ ಇಲ್ಲ, ನಿಜ. ಆದರೆ ಅದರ ಸುಮಾರು ಶೇಕಡಾ 90 ಭಾಗ ಪರ್ಯಾಪ್ತ ಕೊಬ್ಬು. ತುಪ್ಪ, ಬೆಣ್ಣೆಗಳಲ್ಲಿಯೂ ಈ ಬಗೆಯ ಕೊಬ್ಬೇ ಹೆಚ್ಚು. ಇದು ಮಿತಿ ಮೀರಿದರೆ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲ್ ಏರುತ್ತದೆ. ದಿನದ ಒಟ್ಟು ಶಕ್ತಿಯಲ್ಲಿ ಪರ್ಯಾಪ್ತ ಕೊಬ್ಬಿನ ಪಾಲು ಶೇಕಡಾ 10 ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 2000 ಕ್ಯಾಲೊರಿ ಆಹಾರ ಸೇವಿಸುವವರಿಗೆ ಇದು ಸುಮಾರು 22 ಗ್ರಾಂ. ಹಾಲು, ತುಪ್ಪ, ಕಾಯಿತುರಿಯಿಂದಲೂ ಇದು ಬರುವುದರಿಂದ ಒಬ್ಬರಿಗೆ ದಿನಕ್ಕೆ ಎರಡು ಟೀ ಚಮಚ, ಅಂದರೆ ಸುಮಾರು 10 ಗ್ರಾಂ ಕೊಬ್ಬರಿ ಎಣ್ಣೆ ಸಾಕು. ಉಳಿದ ಅಡುಗೆಗೆ ಕಡಲೆಕಾಯಿ ಎಣ್ಣೆ ಅಥವಾ ಹುಚ್ಚೆಳ್ಳೆಣ್ಣೆ ಇರಲಿ. ದೇಹಕ್ಕೆ ಅವಶ್ಯಕವಾದ ಲಿನೋಲಿಕ್ ಆಮ್ಲ ಕೊಬ್ಬರಿ ಎಣ್ಣೆಯಲ್ಲಿ ಬಹಳ ಕಡಿಮೆ; ಹುಚ್ಚೆಳ್ಳಿನಲ್ಲಿ ಹೇರಳ.

ಐದು ಜನರ ಸಂಸಾರಕ್ಕೆ ಈ ಲೆಕ್ಕದಲ್ಲಿ ತಿಂಗಳಿಗೆ ಒಂದೂವರೆ ಕಿಲೋ ಎಣ್ಣೆ ಬೇಕು. ಇದಕ್ಕೆ ಸುಮಾರು ಎರಡೂವರೆ ಕಿಲೋ ಕೊಬ್ಬರಿ, ಅಂದರೆ 16ರಿಂದ 18 ಕಾಯಿ ಸಾಕು. ಇಷ್ಟನ್ನು ಒಳ್ಳೆಯ ಕಾಯಿಯಿಂದಲೇ ತೆಗೆದಿಡುವುದು ದೊಡ್ಡ ನಷ್ಟವಲ್ಲ. ಮೂರು ತಿಂಗಳಿಗೆ ಆಗುವಷ್ಟನ್ನು ಮಾತ್ರ ಒಮ್ಮೆಗೆ ಆಡಿಸಿರಿ.

ಅನ್ನ, ಮುದ್ದೆ ಕಡಿಮೆ ಮಾಡುವವರಿಗೆ

ರಾಗಿಯನ್ನು ಎಷ್ಟು ತಿಂದರೂ ಸಕ್ಕರೆ ಏರದೆಂಬ ನಂಬಿಕೆ ತಪ್ಪು. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ, ರಾಗಿಯಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟವಿದೆ. ಮುದ್ದೆಯ ಗಾತ್ರ ಇಳಿಸುವುದು ಸರಿ; ಆದರೆ ಆ ಜಾಗವನ್ನು ಎಣ್ಣೆಯಿಂದ ತುಂಬಬಾರದು. ಒಂದು ಗ್ರಾಂ ಪಿಷ್ಟದಿಂದ 4 ಕ್ಯಾಲೊರಿ ಬಂದರೆ, ಒಂದು ಗ್ರಾಂ ಎಣ್ಣೆಯಿಂದ 9 ಬರುತ್ತದೆ. ಹುರುಳಿ, ಅವರೆ, ಹೆಸರುಕಾಳು, ಮೊಟ್ಟೆ, ಸೊಪ್ಪು, ತರಕಾರಿಗಳನ್ನು ಹೆಚ್ಚಿಸಿರಿ. ಇವುಗಳ ಪಲ್ಯಕ್ಕೆ ಒಂದು ಚಮಚ ಕೊಬ್ಬರಿ ಎಣ್ಣೆಯ ಒಗ್ಗರಣೆ ರುಚಿಯನ್ನೂ ಕೊಡುತ್ತದೆ.

ಒಂದು ಮುಖ್ಯ ಎಚ್ಚರಿಕೆ: ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ, ಮುದ್ದೆಯನ್ನು ಏಕಾಏಕಿ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಹೊಲದಲ್ಲಿ ದುಡಿಯುವಾಗ ತಲೆ ಸುತ್ತಿ ಬೀಳುವ ಸಂಭವವುಂಟು. ವೈದ್ಯರನ್ನು ಕೇಳಿ, ಔಷಧಿಯ ಪ್ರಮಾಣ ಸರಿಪಡಿಸಿಕೊಂಡೇ ಊಟ ಬದಲಿಸಿರಿ.

ಕೊಬ್ಬರಿ ಎಣ್ಣೆ ಔಷಧಿಯಲ್ಲ, ವಿಷವೂ ಅಲ್ಲ. ಹಿತಮಿತವಾಗಿ ಬಳಸಬೇಕಾದ ಆಹಾರ. ಈ ಸಲ ಗಾಣಕ್ಕೆ ಹೋಗುವ ಮುನ್ನ ಚೀಲವನ್ನು ಸುರಿದು, ಬೂಷ್ಟು ಹಿಡಿದದ್ದನ್ನು ಆರಿಸಿ ತೆಗೆದುಬಿಡಿರಿ. ಮಾರುಕಟ್ಟೆಗೆ ಒಯ್ಯುವ ಕೊಬ್ಬರಿಯನ್ನು ಆರಿಸುವಷ್ಟೇ ಶ್ರದ್ಧೆ ಮನೆಯವರ ಊಟಕ್ಕೂ ಸಲ್ಲಬೇಕಲ್ಲವೇ?