ಆಹಾರ ವೈವಿಧ್ಯ: ಎಣಿಸಿ ತಿಳಿಯುವ ಬಗೆ

ಹೊಟ್ಟೆ ತುಂಬಿದ ಮಾತ್ರಕ್ಕೆ ಶರೀರಕ್ಕೆ ಬೇಕಾದುದೆಲ್ಲವೂ ದೊರೆಯಿತೆಂದು ಹೇಳಲಾಗದು. ಅನ್ನ, ಚಪಾತಿ, ಮುದ್ದೆಗಳು ಶಕ್ತಿಯನ್ನು ಧಾರಾಳವಾಗಿ ಒದಗಿಸುತ್ತವೆ. ಕಬ್ಬಿಣ, ಸತು, ಫೋಲೇಟ್, ‘ಎ’ ಜೀವಸತ್ವ ಮುಂತಾದ ಸೂಕ್ಷ್ಮ ಪೋಷಕಾಂಶಗಳು ಸಾಕಷ್ಟು ದೊರೆಯಬೇಕಾದರೆ ಅವುಗಳ ಜೊತೆಗೆ ಇತರ ಆಹಾರಗಳೂ ಬೇಕು. ಈ ಕೊರತೆಯು ಹಸಿವಿನಂತೆ ಕೂಡಲೇ ಅನುಭವಕ್ಕೆ ಬರುವುದಿಲ್ಲ. 2019-21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದ 15ರಿಂದ 49 ವರ್ಷ ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ರಕ್ತಹೀನತೆಗೆ ಸೋಂಕು ಮೊದಲಾದ ಬೇರೆ ಕಾರಣಗಳೂ ಉಂಟು. ಆದರೆ ಆಹಾರದಲ್ಲಿನ ಕೊರತೆಯು ಅವುಗಳಲ್ಲಿ ಮುಖ್ಯವಾದುದು.

ಅಂಕ ನೀಡುವ ಕ್ರಮ

ಪ್ರತಿಯೊಂದು ತುತ್ತನ್ನೂ ತೂಗಿ ಪೋಷಕಾಂಶಗಳ ಲೆಕ್ಕ ಹಾಕುವುದು ಸುಲಭಸಾಧ್ಯವಲ್ಲ. ಆದುದರಿಂದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು ಮಹಿಳೆಯರ ಆಹಾರ ವೈವಿಧ್ಯವನ್ನು ಅಳೆಯುವ ಸರಳ ಕ್ರಮವೊಂದರ ಕೈಪಿಡಿಯನ್ನು 2016ರಲ್ಲಿ ಪ್ರಕಟಿಸಿತು. ಇದರಲ್ಲಿ ಆಹಾರಗಳನ್ನು ಹತ್ತು ಗುಂಪುಗಳಾಗಿ ವಿಂಗಡಿಸಲಾಗಿದೆ:

1. ಧಾನ್ಯಗಳು ಹಾಗೂ ಆಲೂಗಡ್ಡೆಯಂತಹ ಗೆಡ್ಡೆಗಳು
2. ಬೇಳೆಕಾಳುಗಳು
3. ಕಡಲೆಕಾಯಿ, ಎಳ್ಳು ಮುಂತಾದ ಬೀಜಗಳು
4. ಹಾಲು, ಮೊಸರು
5. ಮಾಂಸ, ಮೀನು
6. ಮೊಟ್ಟೆ
7. ಕಡುಹಸಿರು ಸೊಪ್ಪುಗಳು
8. ‘ಎ’ ಜೀವಸತ್ವ ಹೆಚ್ಚಾಗಿರುವ ಸಿಹಿಗುಂಬಳ, ಕ್ಯಾರೆಟ್, ಮಾವು, ಪರಂಗಿ ಮುಂತಾದವು
9. ಇತರ ತರಕಾರಿಗಳು
10. ಇತರ ಹಣ್ಣುಗಳು

ಹಿಂದಿನ ಒಂದು ಹಗಲು ಮತ್ತು ರಾತ್ರಿಯಲ್ಲಿ ಸೇವಿಸಿದ ಪ್ರತಿಯೊಂದು ಗುಂಪಿಗೆ ಒಂದು ಅಂಕ. ಒಂದೇ ಗುಂಪಿನ ಎರಡು ಪದಾರ್ಥಗಳಿಗೆ ಎರಡು ಅಂಕಗಳಿಲ್ಲ. ಸುಮಾರು 15 ಗ್ರಾಂ, ಅಂದರೆ ಒಂದು ದೊಡ್ಡ ಚಮಚೆಗಿಂತ ಕಡಿಮೆಯಾದುದು ಲೆಕ್ಕಕ್ಕಿಲ್ಲ. ಕನಿಷ್ಠ ಐದು ಅಂಕಗಳಿದ್ದರೆ ಸೂಕ್ಷ್ಮ ಪೋಷಕಾಂಶಗಳು ಸಾಕಷ್ಟು ದೊರೆಯುವ ಸಂಭವ ಹೆಚ್ಚು.

ಒಂದು ಉದಾಹರಣೆ

ಬೆಳಿಗ್ಗೆ ಈರುಳ್ಳಿ ಹಾಕಿದ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ತೊಗರಿಬೇಳೆ ಸಾರು, ರಾತ್ರಿ ಚಪಾತಿ, ಆಲೂಗಡ್ಡೆ ಪಲ್ಯ. ನೋಡಲು ಇದು ಮೂರು ಹೊತ್ತಿನ ತುಂಬು ಊಟವೇ ಸರಿ. ಆದರೆ ರವೆ, ಅಕ್ಕಿ, ಗೋಧಿ, ಆಲೂಗಡ್ಡೆ ನಾಲ್ಕೂ ಸೇರಿ ಒಂದೇ ಗುಂಪು. ಬೇಳೆಗೆ ಒಂದು, ಈರುಳ್ಳಿಗೆ ಒಂದು. ಒಗ್ಗರಣೆಯ ಸಾಸಿವೆ, ಕರಿಬೇವು ಎಣಿಕೆಗೆ ಬಾರವು. ಒಟ್ಟು ಅಂಕ ಮೂರು. ಇದಕ್ಕೆ ಒಂದು ಬಟ್ಟಲು ಮೊಸರು, ಸೊಪ್ಪಿನ ಪಲ್ಯ, ಒಂದು ಹಿಡಿ ಹುರಿದ ಕಡಲೆಕಾಯಿ ಸೇರಿದರೆ ಅಂಕ ಆರಕ್ಕೆ ಏರುತ್ತದೆ.

ಹೊರರಾಜ್ಯಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಊರಿನ ಸೊಪ್ಪುಗಳು ಬೇರೆ ಹೆಸರಿನಲ್ಲಿ ಲಭ್ಯ. ಹರಿವೆಯನ್ನೇ ಮುಂಬಯಿ, ಪುಣೆಗಳಲ್ಲಿ ಮಾಠ್ ಎಂದೂ ದೆಹಲಿಯಲ್ಲಿ ಚೌಲಾಯಿ ಎಂದೂ ಹೈದರಾಬಾದಿನಲ್ಲಿ ತೋಟಕೂರ ಎಂದೂ ಕರೆಯುತ್ತಾರೆ.

ಗಮನಿಸಬೇಕಾದ ಅಂಶಗಳು

ಮನೆಗೆ ತಂದುದನ್ನಲ್ಲ, ತಟ್ಟೆಗೆ ಬಂದುದನ್ನು ಎಣಿಸಬೇಕು. ಒಂದೇ ಅಡುಗೆಯಾದರೂ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವರ ಪಾಲಿಗೆ ಪಲ್ಯ, ಮೊಸರು ಉಳಿಯದಿರಬಹುದು. ಆಗ ಅದೇ ಮನೆಯಲ್ಲಿ ಒಬ್ಬರ ಅಂಕ ಆರು, ಇನ್ನೊಬ್ಬರದು ಮೂರು.

ಈ ಕ್ರಮವನ್ನು ರೂಪಿಸಿರುವುದು ಸಮುದಾಯಗಳ ಸ್ಥಿತಿಯನ್ನು ಅರಿಯಲು. ಒಂದು ದಿನದ ಅಂಕದಿಂದ ಒಬ್ಬ ವ್ಯಕ್ತಿಯ ಆರೋಗ್ಯವನ್ನು ನಿರ್ಧರಿಸಲಾಗದು. ಸುಸ್ತು, ಉಬ್ಬಸಗಳಿದ್ದಲ್ಲಿ ವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಅವಶ್ಯ. ಅಲ್ಲದೆ ಉಪ್ಪು, ಸಕ್ಕರೆ, ಕೊಬ್ಬು ಮಿತಿಮೀರಿದರೂ ಈ ಅಂಕ ಅದನ್ನು ತೋರಿಸದು. ಪೊಟ್ಟಣದ ಆಹಾರಗಳಲ್ಲಿ ಅವನ್ನು ಅಳೆಯಲು ಬೇರೆ ಪದ್ಧತಿಗಳಿವೆ. ಫ್ರಾನ್ಸ್ ದೇಶವು 2017ರಲ್ಲಿ ‘ಎ’ಯಿಂದ ‘ಇ’ವರೆಗಿನ ಐದು ಅಕ್ಷರಗಳ ಗುರುತನ್ನು ಅಂಗೀಕರಿಸಿತು. ಭಾರತದ ಆಹಾರ ಸುರಕ್ಷತಾ ಮತ್ತು ಮಾನದಂಡಗಳ ಪ್ರಾಧಿಕಾರವು 2022ರಲ್ಲಿ ನಕ್ಷತ್ರಗಳ ಗುರುತಿನ ಕರಡನ್ನು ಪ್ರಕಟಿಸಿತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಗಳು ಸಹ ಇದೇ ದಿಕ್ಕಿನಲ್ಲಿವೆ. ದಿನದ ಶಕ್ತಿಯಲ್ಲಿ ಧಾನ್ಯಗಳ ಪಾಲು ಶೇಕಡಾ 45ನ್ನು ಮೀರದಿರಲಿ ಎಂಬುದು ಅದರ ಸಲಹೆ. ಅನ್ನವನ್ನು ಒಂದು ಸೌಟು ತಗ್ಗಿಸಿ, ಆ ಜಾಗದಲ್ಲಿ ಕಾಳು ಅಥವಾ ಸೊಪ್ಪನ್ನು ಬಡಿಸುವುದರಿಂದ ಈ ಬದಲಾವಣೆಯನ್ನು ಪ್ರತಿ ಮನೆಯಲ್ಲಿಯೂ ಆರಂಭಿಸಬಹುದು.