ಕಿಸೆಯ ಚೂರಿಗೆ ವಾರಕ್ಕೆ ಹತ್ತು ನಿಮಿಷ

ತೋಟಕ್ಕೆ ಹೊರಟಾಗ ನನ್ನ ಕಿಸೆಯಲ್ಲಿ ಮಡಚುವ ಚೂರಿ ಇರಲೇಬೇಕು. ಕಾಳುಮೆಣಸಿನ ಬಳ್ಳಿ ಕಟ್ಟಲು, ಗೊಬ್ಬರದ ಚೀಲ ಬಿಚ್ಚಲು, ಹನಿ ನೀರಾವರಿಯ ಪೈಪು ತುಂಡರಿಸಲು ಅದೇ ಬೇಕು. ಮಳೆಗಾಲದಲ್ಲಿ ಒಂದೆರಡು ಕಸಿಯೂ ಅದರಲ್ಲೇ. ಹರಿತ ಇಲ್ಲದಿದ್ರೆ ಮಾತ್ರ ಅದು ಕಿಸೆಗೊಂದು ಭಾರ, ಅಷ್ಟೇ.

ಮೊಂಡು ಚೂರಿಯೇ ಹೆಚ್ಚು ಅಪಾಯ. ಕೊಯ್ಯುವುದಿಲ್ಲ ಅಂತ ನಾವು ಬಲ ಹಾಕುತ್ತೇವೆ, ಅದು ಜಾರಿ ಬೆರಳಿಗೆ ಬರುತ್ತದೆ. ಕಸಿಯಲ್ಲಂತೂ ನಷ್ಟ ಖಚಿತ. ಗೇರಿನ ಮೃದುಕಾಂಡ ಕಸಿಯಿರಲಿ, ಹಿಪ್ಪಲಿಗೆ ಮೆಣಸಿನ ಕಸಿಯಿರಲಿ, ತೊಗಟೆಯ ಕೆಳಗಿನ ತೆಳು ಹಸಿ ಪದರಗಳು ಒಂದಕ್ಕೊಂದು ತಾಗಿದರೆ ಮಾತ್ರ ಬೆಸುಗೆ. ಮೊಂಡು ಅಲಗು ಆ ಪದರವನ್ನು ಜಜ್ಜುತ್ತದೆ. ಕೊಯ್ದ ಮೈ ಸಮತಟ್ಟಾಗಿರದೆ ನಡುವೆ ಸಂದು ಉಳಿಯುತ್ತದೆ. ಕುಡಿ ಒಣಗಿದಾಗ ನಾವು ಗಿಡವನ್ನು ದೂರುತ್ತೇವೆ!

ಬೇಕಾದ್ದೇನು?

ಒಂದು ಬದಿ ತರಿ, ಇನ್ನೊಂದು ಬದಿ ನಯ ಇರುವ ಕಾರ್ಬೊರಂಡಂ ಕಲ್ಲು ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಜತೆಗೆ ಹಳೆಯ ಚರ್ಮದ ಬೆಲ್ಟು, ಸ್ವಲ್ಪ ನೀರು. ಕಲ್ಲಿಗೆ ಎಣ್ಣೆ ಹಾಕುವವರೂ ಇದ್ದಾರೆ. ಆದರೆ ಎಣ್ಣೆ ಕುಡಿದ ಕಲ್ಲಿಗೆ ಆಮೇಲೆ ನೀರು ಹಿಡಿಯುವುದಿಲ್ಲ. ಹಾಗಾಗಿ ನನ್ನದು ನೀರೇ.

ಮಸೆಯುವ ಕ್ರಮ

ಮುಖ್ಯವಾದದ್ದು ಓರೆ. ಪೇಪರಿನ ಒಂದು ಮೂಲೆ 90 ಡಿಗ್ರಿ. ಅಂಚಿಗೆ ಅಂಚು ಕೂಡಿಸಿ ಮಡಚಿದರೆ 45, ಇನ್ನೊಮ್ಮೆ ಮಡಚಿದರೆ ಸುಮಾರು 22. ಆ ಮೂಲೆಯನ್ನು ಕಲ್ಲಿನ ಪಕ್ಕ ಇಟ್ಟುಕೊಂಡು ಅಷ್ಟೇ ಓರೆಯಲ್ಲಿ ಚೂರಿ ಹಿಡಿಯಿರಿ. ಎರಡು ಸೆಂಟಿಮೀಟರ್ ಅಗಲದ ಅಲಗಾದರೆ ಅದರ ಬೆನ್ನು ಕಲ್ಲಿನಿಂದ ಏಳೆಂಟು ಮಿಲಿಮೀಟರ್ ಮೇಲಿರುತ್ತದೆ. ದಿನಬಳಕೆಗೆ ಇದು ಸರಿಯಾದ ಓರೆ.

ಕಲ್ಲಿನಿಂದ ತೆಳ್ಳಗೆ ಒಂದು ಪದರ ಹೆರೆಯುವ ಹಾಗೆ, ಬಾಯಿ ಮುಂದಾಗಿ, ಬುಡದಿಂದ ತುದಿಯವರೆಗೆ ಎಳೆಯಿರಿ. ಒಂದೇ ಬದಿಯನ್ನು ಮಸೆಯುತ್ತಾ ಹೋದರೆ ಆಚೆ ಬದಿಯಲ್ಲಿ ಸಣ್ಣ ತರಿ ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಸವರಿದರೆ ಗೊತ್ತಾಗುತ್ತದೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ. ಬುಡದಿಂದ ತುದಿವರೆಗೂ ತರಿ ಬಂದ ಮೇಲೆ ಮಗುಚಿ, ಇನ್ನೊಂದು ಬದಿಯನ್ನೂ ಹಾಗೇ ಮಸೆಯಿರಿ. ಆಮೇಲೆ ನಯದ ಬದಿಯಲ್ಲಿ, ಹಗುರ ಕೈಯಲ್ಲಿ, ಆ ಬದಿಗೊಂದು ಈ ಬದಿಗೊಂದು ಎಳೆತ. ಕೊನೆಗೆ ಬೆಲ್ಟಿನ ಒರಟು ಮೈಯಲ್ಲಿ ಬೆನ್ನು ಮುಂದಾಗಿ ಹತ್ತು ಸಲ ಉಜ್ಜಿದರೆ ಉಳಿದ ತರಿಯೂ ಹೋಯ್ತು.

ಪರೀಕ್ಷೆಗೆ ಪೇಪರಿನ ಹಾಳೆ ಸಾಕು. ಎಲ್ಲಿಯೂ ಸಿಕ್ಕಿಕೊಳ್ಳದೆ ಸರ್ರನೆ ಕೊಯ್ದರೆ ಸರಿ. ಸಿಕ್ಕಿಕೊಂಡ ಜಾಗದಲ್ಲಿ ಇನ್ನಷ್ಟು ಮಸೆಯಬೇಕು.

ಕಸಿಚೂರಿಯ ವಿಚಾರ ಬೇರೆ. ಒಂದೇ ಬದಿ ಓರೆ ಇರುವಂಥದ್ದಾದರೆ ಆ ಬದಿಯನ್ನೇ ಮಸೆಯಬೇಕು. ಚಪ್ಪಟೆ ಬದಿಯನ್ನು ಕಲ್ಲಿಗೆ ಪೂರ್ತಿ ತಾಗಿಸಿ ತರಿ ತೆಗೆದರೆ ಸಾಕು.

ಬಾಳಿಕೆಗೆ ನಾಲ್ಕು ಮಾತು

* ಕರೆಂಟಿನ ಸಾಣೆಚಕ್ರಕ್ಕೆ ಕೊಡಬೇಡಿ. ಬಾಯಿ ನೀಲಿಯಾಯ್ತೆಂದರೆ ಶಾಖ 300 ಡಿಗ್ರಿ ಹತ್ತಿರ ಹೋಗಿದೆ, ಹದ ಹಾಳಾಗಿದೆ ಎಂದರ್ಥ. ಮತ್ತೆಷ್ಟು ಮಸೆದರೂ ಹರಿತ ನಿಲ್ಲದು.
* ಹಸಿ ಅಡಿಕೆಯ ಚೊಗರು ಕಬ್ಬಿಣವನ್ನು ಕಪ್ಪಾಗಿಸುತ್ತದೆ. ಕೆಲಸ ಮುಗಿದೊಡನೆ ಒರೆಸಿ, ತೆಂಗಿನೆಣ್ಣೆ ಸವರಿ. ಮಡಚುವ ಸಂದಿಗೂ ಒಂದು ಹನಿ.
* ಹಲಸು, ಮಾವಿನ ಮೇಣ ಎಣ್ಣೆ ಬಟ್ಟೆಯಲ್ಲಿ ಒರೆಸಿದರೆ ಬಿಡುತ್ತದೆ.
* ರೋಗದ ಗಿಡ ಕೊಯ್ದ ಮೇಲೆ ಸ್ಪಿರಿಟ್‌ನಲ್ಲಿ ಒರೆಸಿಯೇ ಮುಂದಿನ ಗಿಡಕ್ಕೆ ಹೋಗಿ. ಕಸಿಗೆ ಮೊದಲೂ ಅಷ್ಟೇ.

ಪೂರ್ತಿ ಮೊಂಡಾಗುವವರೆಗೆ ಕಾಯಬಾರದು. ವಾರಕ್ಕೊಮ್ಮೆ ನಯದ ಬದಿ ಮತ್ತು ಬೆಲ್ಟು ತೋರಿಸುತ್ತಿದ್ದರೆ ತರಿ ಬದಿಯ ಕೆಲಸ ಅಪರೂಪ, ಅಲಗು ಸವೆಯುವುದೂ ಕಡಿಮೆ. ಈ ಸಲ ಕಸಿ ಶುರು ಮಾಡುವ ಮುನ್ನ ನಿಮ್ಮ ಚೂರಿಯಿಂದ ಒಂದು ಹಾಳೆ ಕೊಯ್ದು ನೋಡಿ.