ಮುಂಗಡ ಕೊಡುವ ಮುನ್ನ

2023ರಲ್ಲಿ ತುಮಕೂರಿನಲ್ಲಿ 32 ಲಕ್ಷದ ಹಳೆಯ ಮನೆಯೊಂದನ್ನು ಒಪ್ಪಿ, ಮುಂಗಡವನ್ನೂ ಕೊಟ್ಟಾಗಿತ್ತು. ಸಂಬಳದ ಚೀಟಿ, ಫಾರಂ 16, ಖಾತಾ, ಇಸಿ ಎಲ್ಲ ಜೋಡಿಸಿಕೊಂಡು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ನನ್ನ ಪ್ಯಾನ್ ನಂಬರ್ ಹಾಕಿ ನೋಡಿದರು. "ಒಂದು ಕ್ರೆಡಿಟ್ ಕಾರ್ಡ್ ಸೆಟ್ಲ್ ಆಗಿದೆಯಲ್ಲ ಸರ್?"

"ಐದು ವರ್ಷದ ಹಿಂದೆಯೇ ತೀರಿಸಿದ್ದೀನಲ್ಲ" ಅಂದೆ. ಹಾಗೆಂದೇ ನಂಬಿದ್ದೆ.

2018ರಲ್ಲಿ ಅಪ್ಪನ ಆಪರೇಷನ್ನಿಗೆ ಕಾರ್ಡಿನಿಂದಲೇ ಕಟ್ಟಿದ್ದೆ. ಅದರ ಬೆನ್ನಿಗೇ ಕೆಲಸ ಹೋಯಿತು. ಬಡ್ಡಿ ಸೇರಿ ಬಾಕಿ 1,80,000 ಮುಟ್ಟಿತು. ಫೋನ್ ರಿಂಗಾದರೆ ಅಮ್ಮ ನನ್ನ ಮುಖ ನೋಡುತ್ತಿದ್ದ ದಿನಗಳು ಅವು. ಕೊನೆಗೆ ವಸೂಲಿಯವರೇ "95,000 ಕಟ್ಟಿ, ಮುಗಿಸಿಬಿಡೋಣ" ಅಂದರು. ಹೆಂಡತಿಯ ಬಳೆ ಅಡವಿಟ್ಟು ಕಟ್ಟಿದೆ. ಎಷ್ಟೋ ತಿಂಗಳ ಮೇಲೆ ಅವತ್ತು ನಿದ್ದೆ ಬಂತು.

ಬಿಟ್ಟುಕೊಟ್ಟ 85,000ವನ್ನು ನಾನು ಮರೆತೆ, ದಾಖಲೆ ಮರೆಯಲಿಲ್ಲ. ಪೂರ್ತಿ ತೀರಿಸಿದವರ ಖಾತೆಗೆ 'ಕ್ಲೋಸ್ಡ್' ಎಂದು ಬೀಳುತ್ತದೆ, ನನ್ನಂಥವರದಕ್ಕೆ 'ಸೆಟ್ಲ್ಡ್'. ಸಾಲ ಕೊಡುವವರು ಅದನ್ನು ಓದುವುದು 'ಇವರು ಪೂರ್ತಿ ಕಟ್ಟಲಿಲ್ಲ' ಎಂದೇ. 300ರಿಂದ 900ರವರೆಗಿನ ಸಿಬಿಲ್ ಅಳತೆಯಲ್ಲಿ ನನ್ನದು 641. ಗಾಬರಿಯಲ್ಲಿ ಇನ್ನೆರಡು ಕಡೆ ಅರ್ಜಿ ಹಾಕಿದೆ. ಅದು ತಪ್ಪು. ಪ್ರತಿ ಅರ್ಜಿಯ ವಿಚಾರಣೆಯೂ ಅದೇ ಕ್ರೆಡಿಟ್ ವರದಿಯಲ್ಲಿ ದಾಖಲಾಗುತ್ತದೆ.

ದಾರಿ ತೋರಿಸಿದ್ದು ಆ ಮ್ಯಾನೇಜರೇ. ಕಾರ್ಡ್ ಕೊಟ್ಟಿದ್ದ ಬ್ಯಾಂಕಿಗೆ ಪತ್ರ ಬರೆದು, ಉಳಿದ 85,000 ಕಟ್ಟಿ, ನೋ ಡ್ಯೂ ಸರ್ಟಿಫಿಕೇಟ್ ಪಡೆದೆ. ದಾಖಲೆ ತಿದ್ದಿಸಲು ಮತ್ತೆ ಎರಡು ತಿಂಗಳು ಅಲೆದಾಟ. ಈಗ ನಿಯಮ ಬಿಗಿಯಾಗಿದೆ: ದೂರು 30 ದಿನದೊಳಗೆ ಇತ್ಯರ್ಥವಾಗದಿದ್ದರೆ ಆಮೇಲಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೇಳಬಹುದು. ನಾನು ಅಲೆದಷ್ಟು ದಿನವೂ ಮನೆ ಕರಾರಿನ ವಾಯಿದೆ ತಲೆಯ ಮೇಲಿತ್ತು. ಮನೆ ಮಾರುವ ಹಿರಿಯರು ದೊಡ್ಡ ಮನಸ್ಸು ಮಾಡಿ ಎರಡು ಸಲ ಮುಂದೂಡಿದರು. ಇಲ್ಲದಿದ್ದರೆ ಮುಂಗಡ ಕೈಬಿಡುತ್ತಿತ್ತು.

ಅದಕ್ಕೇ ಹೇಳುತ್ತಿದ್ದೇನೆ, ಹಳೆಯ ಬಾಕಿಯ ನೆನಪಿರುವವರು ಮುಂಗಡ ಕೊಡುವ ಮುನ್ನ ನಿಮ್ಮ ವರದಿಯನ್ನು ನೀವೇ ತೆಗೆಸಿ ನೋಡಿ. 2017ರಿಂದ ವರ್ಷಕ್ಕೊಂದು ಪೂರ್ಣ ವರದಿ ಉಚಿತ. ಸಿಬಿಲ್ ಒಂದೇ ಅಲ್ಲ, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಕೂಡ ಕೊಡಬೇಕು. ನಾವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ. ಕಳಂಕವಿದ್ದರೆ ಮ್ಯಾನೇಜರ್ ಕೇಳುವ ಮೊದಲೇ ಕಾಗದಪತ್ರದ ಸಮೇತ ಹೇಳಿಬಿಡಿ. ಆಸ್ಪತ್ರೆಯ ಬಿಲ್ಲುಗಳನ್ನು ಮುಂದಿಟ್ಟ ಮೇಲೆಯೇ ನನ್ನ ಅರ್ಜಿ ಮೇಲಕ್ಕೆ ಹೋಗಿದ್ದು.

30 ಲಕ್ಷದೊಳಗಿನ ಸಾಲಕ್ಕೆ ಮನೆಯ ಬೆಲೆಯ 90 ಪರ್ಸೆಂಟ್‌ವರೆಗೂ ಕೊಡಲು ಅವಕಾಶವಿದೆ. ನನಗೆ ಸಿಕ್ಕಿದ್ದು 24 ಲಕ್ಷ, 20 ವರ್ಷಕ್ಕೆ, 9.5 ಪರ್ಸೆಂಟ್ ಬಡ್ಡಿಗೆ. ಒಳ್ಳೆಯ ಸ್ಕೋರ್ ಇದ್ದವರಿಗೆ ಅಲ್ಲೇ 9 ಇತ್ತು. ಆ ಅರ್ಧ ಪರ್ಸೆಂಟಿಗೆ ತಿಂಗಳ ಕಂತಿನಲ್ಲಿ ಸುಮಾರು 780 ರೂಪಾಯಿ ಹೆಚ್ಚು. ಬಡ್ಡಿ ದರ ಹೀಗೇ ಉಳಿದರೆ 20 ವರ್ಷಕ್ಕೆ 1,86,000 ದಾಟುತ್ತದೆ.